ನೀರಿನ ಪಾಲು

ಕಳೆದ ವರ್ಷ ಯುಗಾದಿ ಮುಗಿದ ವಾರದಲ್ಲಿ ನನ್ನ ತಮ್ಮನು ಒಂದು ನಕ್ಷೆಯನ್ನು ಕಳುಹಿಸಿದನು. ದಪ್ಪ ಹಾಳೆಯ ಮೇಲೆ ಬಣ್ಣಬಣ್ಣವಾಗಿ ಅಚ್ಚಾದ ನಕ್ಷೆ. ಗೌರಿಬಿದನೂರು ತಾಲ್ಲೂಕಿನ ಒಂದು ಸಣ್ಣ ಕೆರೆಯ ಕೆಳಗೆ ನಮ್ಮ ತಂದೆಯವರು ಬಿಟ್ಟುಹೋದ ೨೪ ಎಕರೆ ಭೂಮಿ ಅದರಲ್ಲಿ ೪೦ ಚೌಕಗಳಾಗಿ ಒಡೆದು ನಿಂತಿತ್ತು. ಒಂದೊಂದು ಚೌಕವೂ ೨೦ ಗುಂಟೆ, ಎಂದರೆ ಅರ್ಧ ಎಕರೆ. ಉಳಿದ ನಾಲ್ಕು ಎಕರೆ ರಸ್ತೆಗಳಿಗೆ ಮತ್ತು ಪ್ರವೇಶದ್ವಾರದ ಬಳಿಯ ಒಂದು ಪುಟ್ಟ ಉದ್ಯಾನಕ್ಕೆ. ಕೆರೆಗೆ ನೀಲಿ ಬಳಿದಿದ್ದರು. ನಮ್ಮ ನೆಲಕ್ಕೆಲ್ಲ ಒಂದೇ ಹಸುರು.

ಜೊತೆಗಿದ್ದ ಕಾಗದದಲ್ಲಿ ತಮ್ಮನು ಬರೆದಿದ್ದನು: “ಇದು ಬೆಂಗಳೂರಿನಂತೆ ಮನೆಗೆ ಮನೆ ಅಂಟಿಸುವ ಬಡಾವಣೆಯಲ್ಲ. ಅರ್ಧ ಎಕರೆಗೆ ಒಂದೇ ಮನೆ. ಸುತ್ತ ಮಾವು, ಸಪೋಟ. ನೆಲ ನೆಲವಾಗಿಯೇ ಉಳಿಯುತ್ತದೆ. ನಿನ್ನದೊಂದು ರುಜು ಬಾಕಿ.”

ತಮ್ಮನನ್ನು ದುರಾಸೆಯವನೆಂದು ಓದುಗರು ಎಣಿಸಬಾರದು. ನಾನು ಊರು ಬಿಟ್ಟು ಶಾಲೆಗಳಲ್ಲಿ ಭೂಗೋಳ ಹೇಳಿಕೊಂಡು ಹೊಟ್ಟೆ ಹೊರೆದವನು. ಭೂಮಿಯನ್ನು ನೋಡಿಕೊಂಡವನು ಅವನು. ಆರು ಕೊಳವೆಬಾವಿಗಳನ್ನು ತೋಡಿಸಿದನು, ಐದು ಬತ್ತಿದುವು. ಆರನೆಯದರಲ್ಲಿ ಸಾವಿರದ ಇನ್ನೂರು ಅಡಿಯ ಕೆಳಗಿನಿಂದ ಕೆಮ್ಮಿ ಕೆಮ್ಮಿ ನೀರು ಬರುತ್ತದೆ. ಸಾಲ ಅವನ ಹೆಗಲ ಮೇಲಿದೆ, ನನ್ನ ಹೆಗಲ ಮೇಲಲ್ಲ. ಆದಕಾರಣ ರುಜು ಹಾಕಿಬಿಡುವುದೇ ನ್ಯಾಯವೆಂದು ಲೇಖನಿಯನ್ನು ತೆಗೆದುಕೊಂಡೆ. ತೆಗೆದುಕೊಂಡವನು ೨೩ರಿಂದ ೩೭ರವರೆಗಿನ ನಿವೇಶನಗಳ ಮೇಲೆ ಕಣ್ಣು ಬಿದ್ದು ತಡೆದೆ. ಆ ಹದಿನೈದೂ ಬಿದ್ದಿರುವುದು, ನಾವು ಹುಡುಗರಾಗಿದ್ದಾಗ ‘ಜೌಗಿನ ಹೊಲ’ ಎಂದು ಕರೆಯುತ್ತಿದ್ದ ತಗ್ಗಿನಲ್ಲಿ. ದಸರೆಯಿಂದ ಸಂಕ್ರಾಂತಿಯವರೆಗೆ ಆ ಕಡೆ ಎತ್ತುಗಳನ್ನು ಹೊಡೆದುಕೊಂಡು ಹೋಗಬಾರದೆಂದು ನಮಗೆ ಕಟ್ಟಪ್ಪಣೆ ಇದ್ದಿತು, ಮೊಣಕಾಲವರೆಗೆ ಹೂತುಹೋಗುತ್ತಿದ್ದುವು.

ಗೌರಿಬಿದನೂರೆಂದರೆ ಬರದ ಸೀಮೆ, ಅಲ್ಲಿ ಜೌಗೆಲ್ಲಿ ಬಂದಿತು ಎಂದು ಹೊರಗಿನವರು ಕೇಳುವುದು ಸಹಜ. ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿದ ಉತ್ತರ ಪಿನಾಕಿನಿಯು ನಮ್ಮ ತಾಲ್ಲೂಕನ್ನು ಹಾದು, ವಿದುರಾಶ್ವತ್ಥವನ್ನು ಸೋಕಿಕೊಂಡು, ಹಿಂದೂಪುರದ ಕಡೆಗೆ ಇಳಿದುಹೋಗುತ್ತದೆ. ಕಡೆಗೆ ನೆಲ್ಲೂರಿನ ಬಳಿ ಸಮುದ್ರ ಸೇರುವ ನದಿ ಅದು. ಆದರೆ ನಮ್ಮ ಪಾಲಿಗೆ ವರ್ಷದ ಹೆಚ್ಚು ದಿನ ಅದು ಮರಳಿನ ಹಾದಿ. ಅಂತರ್ಜಲವನ್ನು ಮಿತಿಮೀರಿ ಎತ್ತಿದ ತಾಲ್ಲೂಕುಗಳ ಪಟ್ಟಿಯಲ್ಲಿ ನಮ್ಮದು ಬಹುಕಾಲದಿಂದ ಇದೆ. ಇಂಥ ಸೀಮೆಯಲ್ಲಿ ತೇವದ ನೆಲ ಮಲೆನಾಡಿನದರಂತೆ ಸದಾ ಕಣ್ಣಿಗೆ ಕಾಣಿಸಿಕೊಳ್ಳುವುದಿಲ್ಲ. ನಾಲ್ಕು ವರ್ಷ, ಎಂಟು ವರ್ಷ ಮಲಗಿರುತ್ತದೆ. ಆಮೇಲೆ ಒಂದು ಹಿಂಗಾರು ಬಂದು ಎಬ್ಬಿಸುತ್ತದೆ. ೨೦೨೧ರ ನವೆಂಬರಿನಲ್ಲಿ ಹಾಗೆ ಎಬ್ಬಿಸಿತು. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕೆರೆಗಳು ಕೋಡಿ ಬಿದ್ದುವು; ಮರಳಿನ ಹಾದಿಯಾಗಿದ್ದ ಪಿನಾಕಿನಿ ನದಿಯಾಯಿತು. ನಿವೇಶನ ಕೊಳ್ಳಲು ಬರುವವರು ಮಾತ್ರ ಫೆಬ್ರವರಿಯಲ್ಲಿ ಬರುತ್ತಾರೆ. ಆಗ ನೆಲ ಗಟ್ಟಿ, ಗಾಳಿ ತಂಪು, ಬೆಟ್ಟದ ಸಾಲು ನೀಲಿ. ಅವರಿಗೆ ಸುಳ್ಳು ಹೇಳಬೇಕಾದದ್ದೇ ಇಲ್ಲ. ಕಾಲವೇ ಅವರ ಕಣ್ಣನ್ನು ಕಟ್ಟಿರುತ್ತದೆ.

ಬರುವವರಾದರೂ ಹೆಚ್ಚಾಗಿದ್ದಾರೆ. ಈ ತಾಲ್ಲೂಕಿನ ಹೊಸೂರಿನವರಾದ ಎಚ್. ನರಸಿಂಹಯ್ಯನವರು ಹುಡುಗರಾಗಿದ್ದಾಗ ಓದಲೆಂದು ಬೆಂಗಳೂರಿಗೆ ನಡೆದೇ ಹೋದರೆಂಬುದನ್ನು ನಾನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಆ ದೂರ ಈಗ ಕಾರಿನಲ್ಲಿ ಒಂದೂವರೆ ಎರಡು ತಾಸು. ೨೦೦೮ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆದ ಮೇಲೆ ಬೆಂಗಳೂರು ಉತ್ತರಕ್ಕೆ ಕಾಲು ಚಾಚಿತು. ಭೂಸುಧಾರಣೆಯ ಕಾಯಿದೆಯಲ್ಲಿ ಕೃಷಿಕರಲ್ಲದವರು ಕೃಷಿಭೂಮಿಯನ್ನು ಕೊಳ್ಳದಂತೆ ತಡೆದಿದ್ದ ಕಲಮುಗಳನ್ನು ೨೦೨೦ರಲ್ಲಿ ತೆಗೆದುಹಾಕಿದ ಬಳಿಕ ದಾರಿ ಮತ್ತಷ್ಟು ಸಲೀಸಾಯಿತು. ಪಟ್ಟಣದ ಗದ್ದಲಕ್ಕೆ ಬೇಸತ್ತವರು ಅರ್ಧ ಎಕರೆಯ ಹಸುರನ್ನು ಬಯಸುವುದು ತಪ್ಪಲ್ಲ. ನನಗೂ ಆ ಬಯಕೆ ಇದೆ.

ನಕ್ಷೆಯನ್ನು ಹಿಡಿದುಕೊಂಡು ಊರಿಗೆ ಹೋದೆ. ಹಳೆಯ ನೀರಗಂಟಿ ಇನ್ನೂ ಇದ್ದಾನೆ. ಕೆರೆಯ ತೂಬನ್ನು ತೆರೆದು ಮುಚ್ಚಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುತ್ತಿದ್ದ ಮನೆತನದವನು. ನೀರಿಲ್ಲದ ಕಾರಣ ಕಸುಬು ಹೋಗಿ ಹೆಸರು ಮಾತ್ರ ಉಳಿದಿದೆ. ಅವನೊಂದಿಗೆ ಏರಿಯ ಬುಡದಿಂದ ಹಳ್ಳದವರೆಗೆ ಒಂದು ಬೆಳಗ್ಗೆ ಪೂರ್ತಿ ನಡೆದೆ. ನೀರು ತೊಟ್ಟೂ ಇರಲಿಲ್ಲ. ಆದರೂ ನೀರು ಎಲ್ಲೆಲ್ಲಿ ನಿಲ್ಲುತ್ತದೆಂಬುದನ್ನು ಅವನು ಬರೆದದ್ದನ್ನು ಓದುವಂತೆ ಓದಿ ಹೇಳಿದನು. ಈಚಲು ಗುಂಪಾಗಿ ನಿಂತ ಕಡೆ ಒರತೆ ಹತ್ತಿರ. ಒಣಗಿದ ಜೊಂಡಿನ ಬುಡಗಳು ಎಲ್ಲಿಗೆ ಮುಗಿದುವೋ ಅಲ್ಲಿಗೆ ನಿಂತ ನೀರಿನ ಅಂಚು. ಏಡಿಯ ಬಿಲಗಳ ಬಾಯಲ್ಲಿ ಮಣ್ಣಿನ ಉಂಡೆ. ಅದರಾಚೆ ಬಿಳಿಯ ಚೌಳು. ನೀರು ನಿಂತು ಆರಿದ ಕಡೆ ಉಪ್ಪು ಮೇಲೆದ್ದ ಗುರುತು. ಏರಿಗೆ ತಾಗಿದಂತೆ ಒಂದು ಕಡೆ ಆ ಬೇಸಗೆಯಲ್ಲಿಯೂ ಒಂದೆಲಗ ಹಸುರಾಗಿ ಹಬ್ಬಿತ್ತು. ಮೂವತ್ತು ವರ್ಷ ಭೂಗೋಳ ಹೇಳಿದ ನಾನು ಆ ದಿನ ವಿದ್ಯಾರ್ಥಿಯಾಗಿದ್ದೆ.

ನಮ್ಮ ಕಂದಾಯದ ಭಾಷೆಗೂ ಈ ಓದು ತಿಳಿದಿತ್ತು ಎನ್ನಬೇಕು. ಖುಷ್ಕಿ, ತರಿ, ಬಾಗಾಯ್ತು ಎಂದು ಭೂಮಿಯನ್ನು ಮೂರಾಗಿ ಹೆಸರಿಸಿದರು. ತರಿ ಎಂದರೆ ತೇವ. ಹಳ್ಳ, ಕಾಲುವೆ, ದಾರಿ, ಸ್ಮಶಾನಗಳಂಥ ಸಾರ್ವಜನಿಕ ನೆಲವನ್ನು ‘ಬ’ ಖರಾಬು ಎಂದು ಬೇರೆ ಮಾಡಿ, ಅದು ಯಾರ ಪಾಲಿಗೂ ಸೇರದಂತೆ ಇಟ್ಟರು. ನಮ್ಮ ಪಹಣಿಯಲ್ಲಿ ಕೋಡಿಹಳ್ಳ ಹಾಗೆ ಖರಾಬಾಗಿ ನಿಂತಿದೆ; ನಾನು ಹೇಳುವ ೨೪ ಎಕರೆ ಅದನ್ನು ಬಿಟ್ಟ ಲೆಕ್ಕ. ಜೌಗಿನ ಹೊಲಕ್ಕೆ ‘ತರಿ’ ಎಂಬ ಷರಾ ಇದೆ. ೧೯೬೪ರ ಭೂಕಂದಾಯ ಅಧಿನಿಯಮದ ೯೫ನೆಯ ಪ್ರಕರಣದಂತೆ ಭೂಪರಿವರ್ತನೆಯಾಗಿ ವಸತಿಯ ನೆಲವೆಂದು ಬರೆದ ದಿನ ಆ ಪದ ಅಳಿಯುತ್ತದೆ. ಪದ ಅಳಿದರೆ ತೇವ ಅಳಿಯುವುದೇ?

ನೆರೆಯ ಮಧುಗಿರಿ, ಕೊರಟಗೆರೆ, ಪಾವಗಡಗಳ ಕಡೆ ತಲಪರಿಗೆ ಎಂಬುದೊಂದುಂಟು. ಹೆಸರನ್ನು ಕೇಳಿದವರು ಈಗ ವಿರಳ. ಮರಳುನೆಲದಲ್ಲಿ ಒಸರುವ ಒರತೆಯನ್ನು ತೋಡಿ, ಕಲ್ಲು ಕಟ್ಟಿ, ಅಲ್ಲಿಂದ ಹೊಲಗಳಿಗೆ ಸಣ್ಣ ಕಾಲುವೆ ತೆಗೆದಿರುತ್ತಾರೆ. ಅದರ ಹೂಳನ್ನು ಎಲ್ಲರೂ ಕೂಡಿ ಎತ್ತಬೇಕು. ತನ್ನ ಪಾಲಿನ ಮೊಳದಷ್ಟನ್ನು ಒಬ್ಬನು ಎತ್ತದೆ ಬಿಟ್ಟರೆ ಅವನೊಬ್ಬನಿಗಲ್ಲ, ಮುಂದಿನವರೆಲ್ಲರಿಗೂ ನೀರಿಲ್ಲ. ಭೂಮಿಯನ್ನು ಹಂಚಿಕೊಂಡವರು ಒರತೆಯನ್ನು ಮಾತ್ರ ಹಂಚಿಕೊಳ್ಳಲಿಲ್ಲ. ನೀರಿನ ಸರದಿಯನ್ನು ಹಂಚಿಕೊಂಡರು. ಇದನ್ನು ಯೋಚಿಸುತ್ತಿದ್ದಾಗ ತಮ್ಮನ ನಕ್ಷೆಯಲ್ಲಿ ನನ್ನನ್ನು ಚುಚ್ಚುತ್ತಿದ್ದದ್ದು ಏನೆಂದು ಹೊಳೆಯಿತು. ಮನೆಗಳು ಹೆಚ್ಚಾದುವೆಂಬುದಲ್ಲ. ನೀರು ನಿಲ್ಲುವ ಒಂದೇ ತಗ್ಗನ್ನು ಹದಿನೈದು ಜನರಿಗೆ ಹದಿನೈದು ತುಂಡು ಮಾಡಿ ಕೊಡುತ್ತಿದ್ದೇವೆ ಎಂಬುದು.

ವಿರಳ ವಸತಿಯೆಂದರೆ ನೆಲಕ್ಕೆ ನಿರಪಾಯ ಎಂಬ ನಂಬಿಕೆ ಬಲವಾಗಿದೆ. ಸ್ವಲ್ಪ ಲೆಕ್ಕ ಹಾಕೋಣ. ಒಂದು ರಾತ್ರಿ ಐದು ಸೆಂಟಿಮೀಟರ್ ಮಳೆ ಬಿದ್ದಿತೆನ್ನಿ. ನಮ್ಮ ಸೀಮೆಗೆ ಹಿಂಗಾರಿನಲ್ಲಿ ಅದು ಅಪರೂಪವಲ್ಲ. ಒಂದು ಎಕರೆಯ ಮೇಲೆ ಎರಡು ಲಕ್ಷ ಲೀಟರು ಬಿದ್ದಂತಾಯಿತು. ೨೪ ಎಕರೆಯ ಮೇಲೆ ಸುಮಾರು ೪೮ ಲಕ್ಷ. ಆರು ಸಾವಿರ ಲೀಟರಿನ ಟ್ಯಾಂಕರುಗಳಿಗೆ ತುಂಬಿದರೆ ಎಂಟುನೂರು ಗಾಡಿ. ಇದು ನಮ್ಮ ನೆಲದ ಮೇಲೆ ನೇರವಾಗಿ ಬಿದ್ದದ್ದು. ಕೋಡಿ ಬಿದ್ದ ಕೆರೆಯಿಂದ ಬರುವುದು, ಏರಿಯ ಬುಡದಲ್ಲಿ ಒಸರುವುದು ಬೇರೆ. ಈಗ ಇದರಲ್ಲಿ ಬಹುಪಾಲು ಜೌಗಿನ ಹೊಲಕ್ಕೆ ಇಳಿದು, ಹರಡಿ, ವಾರಗಟ್ಟಲೆ ಕುಳಿತು, ಒಂದಿಷ್ಟು ಇಂಗಿ, ಉಳಿದದ್ದು ನಿಧಾನವಾಗಿ ಹಳ್ಳಕ್ಕೆ ಹೋಗುತ್ತದೆ.

೨೩ನೆಯ ನಿವೇಶನದವರು ಮನೆ ಕಟ್ಟುತ್ತಾರೆ. ನೆಲ ತಗ್ಗೆಂದು ಮೂರು ಅಡಿ ಮಣ್ಣು ತುಂಬಿಸುತ್ತಾರೆ. ತಮ್ಮ ಆಸ್ತಿಯಲ್ಲಿ ತಾವು ಮಣ್ಣು ಹಾಕಿಸಿಕೊಳ್ಳುವುದು ಅಪರಾಧವಲ್ಲ. ಅವರಲ್ಲಿ ಕೂರಬೇಕಾದ ನೀರು ೨೪ನೆಯವರಲ್ಲಿಗೆ ಹೋಗುತ್ತದೆ. ಅವರು ನಾಲ್ಕು ಅಡಿ ತುಂಬಿಸುತ್ತಾರೆ. ಸುತ್ತ ಗೋಡೆ, ಗೋಡೆಗೊಂದು ಅಡಿಪಾಯ. ಅಡಿಪಾಯವೂ ನೀರಿಗೆ ಕಟ್ಟೆಯೇ. ಹದಿನೈದನೆಯ ಗೋಡೆ ಎದ್ದಾಗ ನೀರು ರಸ್ತೆಯನ್ನು ಹಿಡಿದಿರುತ್ತದೆ. ಶೌಚದ ವಿಚಾರ ಇನ್ನೂ ಕಠಿನ. ಒಳಚರಂಡಿ ಇಲ್ಲದ ಕಡೆ ಪ್ರತಿ ಮನೆಗೂ ಇಂಗುಗುಂಡಿ ಬೇಕು. ಗುಂಡಿಯ ತಳಕ್ಕಿಂತ ಸಾಕಷ್ಟು ಕೆಳಗೆ ಒಣ ಮಣ್ಣಿದ್ದರೆ ಮಾತ್ರ ಮಲಿನ ನೀರು ಸೋಸಿ ಇಳಿಯುತ್ತದೆ. ಒರತೆ ಮೇಲಕ್ಕೆದ್ದ ನೆಲದಲ್ಲಿ ಗುಂಡಿಯೇ ತುಂಬಿ ಹೊರಗೆ ಉಕ್ಕುತ್ತದೆ, ಇಲ್ಲವೆ ಹತ್ತು ಮಾರು ದೂರದ ಬಾವಿಗೆ ಹೋಗಿ ಸೇರುತ್ತದೆ. ಸುತ್ತ ಮಾವಿನ ಮರಗಳಿದ್ದರೆ ಇದಕ್ಕೆ ಪರಿಹಾರವಾಗದು. ಅಲ್ಲದೆ ಬೇರು ನೀರಿನಲ್ಲಿ ನಿಂತರೆ ಮಾವು ಬದುಕುವುದೂ ಕಷ್ಟ.

ಬೆಂಗಳೂರು ಈ ಪಾಠವನ್ನು ಬಹಳ ಬೆಲೆ ತೆತ್ತು ಓದಿತು. ಧರ್ಮಾಂಬುಧಿಯ ಮೇಲೆ ಬಸ್ಸು ನಿಲ್ದಾಣ ಬಂದಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ. ೧೯೯೭ರ ರಾಷ್ಟ್ರೀಯ ಕ್ರೀಡಾಕೂಟಕ್ಕೆಂದು ಕೋರಮಂಗಲದ ಕೆರೆಯಂಗಳದಲ್ಲಿ ವಸತಿ ಸಮುಚ್ಚಯ. ಉಳಿದ ಕೆರೆಗಳನ್ನು ಕಾಪಾಡುವುದು ಹೇಗೆಂದು ಹೇಳಲು ಸರಕಾರವು ೧೯೮೫ರಲ್ಲಿಯೇ ಎನ್. ಲಕ್ಷ್ಮಣರಾಯರ ಸಮಿತಿಯನ್ನು ನೇಮಿಸಿತ್ತು. ಅವೆಲ್ಲ ಇಕ್ಕಟ್ಟಿನ ನಗರದ ಕಥೆ ಎನ್ನುವವರು ೨೦೨೨ರ ಸೆಪ್ಟೆಂಬರನ್ನು ನೆನೆಯಬೇಕು. ಸರ್ಜಾಪುರ ರಸ್ತೆಯ ಕಡೆ ಆ ವಾರ ಮುಳುಗಿದವುಗಳಲ್ಲಿ ಅಗಲವಾದ ರಸ್ತೆ, ಹುಲ್ಲುಹಾಸು, ಮನೆಮನೆಗೂ ತೋಟವಿದ್ದ ವಿರಳ ಬಡಾವಣೆಗಳೂ ಇದ್ದುವು. ಕೋಟಿಗಟ್ಟಲೆ ಬೆಲೆಯ ಮನೆಗಳವರು ಟ್ರ್ಯಾಕ್ಟರಿನಲ್ಲಿ, ದೋಣಿಯಲ್ಲಿ ಹೊರಬಂದರು. ಮನೆಗಳ ನಡುವೆ ಅಂತರವೇನೋ ಇತ್ತು. ನೀರಿಗೆಂದು ಬಿಟ್ಟ ಅಂತರ ಅದಾಗಿರಲಿಲ್ಲ.

ಕಾನೂನು ತಡೆಯದೇ ಎಂದರೆ, ಅದು ನಾನು ತಿಳಿದಷ್ಟು ಸುಲಭವಾಗಿರಲಿಲ್ಲ. ಕೆರೆಗೆ ಕಾವಲಿದೆ. ೨೦೧೪ರ ಕೆರೆ ಸಂರಕ್ಷಣಾ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯು ಕೆರೆಯ ಎಲ್ಲೆಯಿಂದ ೩೦ ಮೀಟರಿನೊಳಗೆ ಮನೆ ಕಟ್ಟಬಾರದೆಂದಿತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ೨೦೧೬ರಲ್ಲಿ ಬೆಂಗಳೂರಿನ ಕೆರೆಗಳಿಗೆ ಈ ಅಂತರವನ್ನು ೭೫ ಮೀಟರಿಗೆ ಹಿಗ್ಗಿಸಿತು. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತೆಗೆದುಹಾಕಿತು. ಇಷ್ಟೆಲ್ಲ ನಡೆದದ್ದು ಕೆರೆಯ ಮತ್ತು ಕಾಲುವೆಯ ಅಂಚನ್ನು ಕುರಿತು. ಏರಿಯ ಕೆಳಗಿನ ಜೌಗು ಯಾವ ಲೆಕ್ಕಕ್ಕೆ? ಕೇಂದ್ರ ಸರಕಾರದ ೨೦೧೭ರ ತೇವಭೂಮಿ ನಿಯಮಗಳನ್ನು ತೆರೆದು ನೋಡಿದೆ. ಭತ್ತದ ಗದ್ದೆ ತೇವಭೂಮಿಯಲ್ಲ. ನೀರಾವರಿಗೆಂದು ಮನುಷ್ಯರು ಕಟ್ಟಿದ ಜಲಾಶಯವೂ ಆ ವ್ಯಾಖ್ಯೆಯ ಹೊರಗೆ. ನಮ್ಮ ಕೆರೆ ಮನುಷ್ಯನು ಕಟ್ಟಿದ್ದು, ನಮ್ಮ ತಗ್ಗು ಭತ್ತದ ಗದ್ದೆ. ಅಲ್ಲಿಗೆ ಮುಗಿಯಿತು.

ವಿಚಿತ್ರವೆಂದರೆ, ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ, ಇವೆರಡೂ ನೀರಾವರಿಗೆಂದು ಕಟ್ಟಿದ ಕೆರೆಗಳೇ. ೨೦೨೪ರಲ್ಲಿ ಅವು ರಾಮ್ಸರ್ ಒಪ್ಪಂದದ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮಹತ್ತ್ವದ ತೇವಭೂಮಿಗಳೆನಿಸಿದುವು. ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಮಾಗಡಿಗೆ ಇಳಿಯುವಾಗ ಅದನ್ನು ಕಟ್ಟಿದವರಾರೆಂದು ಕೇಳುವುದಿಲ್ಲ. ನಮ್ಮ ಜೌಗಿಗೆ ಅಂಥ ಅತಿಥಿಗಳಿಲ್ಲ. ಬಂದರೆ ನಾಲ್ಕು ಕೊಕ್ಕರೆ, ಒಂದು ಜೊತೆ ಟಿಟ್ಟಿಭ. ಅದರ ಪರವಾಗಿ ವಾದಿಸಲು ಯಾರೂ ಬರುವುದಿಲ್ಲ. ಅದರ ಗತಿ ನಮ್ಮಿಬ್ಬರ ರುಜುವಿನ ಮೇಲೆ ನಿಂತಿತ್ತು.

ರುಜು ಹಾಕುವುದಿಲ್ಲವೆಂದು ಬರೆದುಬಿಡಬಹುದಾಗಿತ್ತು. ತಮ್ಮನ ಸಾಲ ಅದರಿಂದ ತೀರದು. ಆದ್ದರಿಂದ ನಾನೇ ಒಂದು ನಕ್ಷೆ ಬರೆಯಲು ಕುಳಿತೆ. ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಪಾಠ ಹೇಳಿದ ಇಯಾನ್ ಮೆಕ್‌ಹಾರ್ಗ್ ಎಂಬಾತನು ೧೯೬೯ರ ತನ್ನ ಗ್ರಂಥದಲ್ಲಿ ಒಂದು ಉಪಾಯವನ್ನು ಹೇಳಿದ್ದಾನೆ. ಇಳಿಜಾರಿಗೊಂದು, ಮಣ್ಣಿಗೊಂದು, ನೀರಿಗೊಂದು ಪಾರದರ್ಶಕ ಹಾಳೆ. ಒಂದರ ಮೇಲೊಂದನ್ನು ಇಟ್ಟರೆ ಎಲ್ಲಿ ಕಟ್ಟಬಾರದೆಂಬುದು ತಾನಾಗಿ ಕಪ್ಪಾಗಿ ಕಾಣುತ್ತದೆ. ಅದೇ ದೇಶದ ರ‍್ಯಾಂಡಲ್ ಅರೆಂಟ್ ೧೯೯೦ರ ದಶಕದಲ್ಲಿ ಬಡಾವಣೆ ಬರೆಯುವ ಕ್ರಮವನ್ನೇ ತಿರುವುಮುರುವು ಮಾಡಿದನು. ಎಕರೆಗೊಂದು ಮನೆಯೆಂಬ ನಿಯಮ ಹಸುರನ್ನು ಉಳಿಸುವ ಬದಲು ಬಯಲೆಲ್ಲವನ್ನೂ ಚೌಕಚೌಕವಾಗಿ ನುಂಗುತ್ತಿರುವುದನ್ನು ಅವನು ಕಂಡಿದ್ದನು. ಮೊದಲು ಮುಟ್ಟಬಾರದ ನೆಲವನ್ನು ಗುರುತಿಸು, ಆಮೇಲೆ ಮನೆಗಳ ಜಾಗವನ್ನು ಹುಡುಕು, ಆಮೇಲೆ ರಸ್ತೆ, ನಿವೇಶನದ ಗೆರೆಗಳು ಕಟ್ಟಕಡೆಗೆ. ನಮ್ಮಲ್ಲಿ ಗೆರೆ ಮೊದಲು, ನೀರು ಕಡೆಗೆ.

ನಾನು ಗ್ರಾಮನಕ್ಷೆಯ ಮೇಲೆ ಹಾಳೆ ಹಾಕಿ, ನೀರಗಂಟಿ ಹೇಳಿದ ಅಂಚನ್ನು ಎಳೆದೆ. ತಗ್ಗು ಹೆಚ್ಚು ಕಡಮೆ ಒಂಬತ್ತು ಎಕರೆ ಬಂದಿತು. ಉಳಿದದ್ದು ಹದಿನೈದು, ಗಟ್ಟಿ ಕೆಂಪು ಮಣ್ಣಿನ ದಿಬ್ಬ. ಅದರಲ್ಲಿ ಮೂರು ಎಕರೆ ರಸ್ತೆಗೆ ಬಿಟ್ಟರೆ ಹನ್ನೆರಡು ಎಕರೆ, ಎಂದರೆ ೪೮೦ ಗುಂಟೆ. ನಲವತ್ತರಿಂದ ಭಾಗಿಸಿದೆ: ಹನ್ನೆರಡು ಗುಂಟೆ. ಮನೆಗಳು ನಲವತ್ತೇ! ಒಂದೂ ಕಡಮೆಯಾಗಲಿಲ್ಲ. ಹನ್ನೆರಡು ಗುಂಟೆಯೆಂದರೆ ಹದಿಮೂರು ಸಾವಿರ ಚದರಡಿ. ಬೆಂಗಳೂರಿನ ಮೂವತ್ತು-ನಲವತ್ತರ ನಿವೇಶನಗಳಲ್ಲಿ ಹತ್ತಕ್ಕೂ ಮಿಗಿಲು. ಒಂಬತ್ತು ಎಕರೆ ತಗ್ಗು ಒಡೆಯದೆ ಒಟ್ಟಿಗೆ ಉಳಿಯುತ್ತದೆ. ಈ ಭಾಗಾಕಾರ ಸರಿಬಂದಾಗ ಆದ ಸಂತೋಷವನ್ನು ಮುಚ್ಚಿಡಲಾರೆ. ಒಂದು ಲೋಟ ಕಾಫಿಯನ್ನು ಹೆಚ್ಚಾಗಿ ಕೇಳಿ ಕುಡಿದೆ.

ತಮ್ಮನು ನನ್ನ ನಕ್ಷೆಯನ್ನು ಬಹಳ ಹೊತ್ತು ನೋಡಿದನು. ಅವನ ಆಕ್ಷೇಪಗಳು ಹಗುರವಾಗಿರಲಿಲ್ಲ. “ಅರ್ಧ ಎಕರೆ ಎಂಬ ಮಾತಿಗೆ ಬೆಲೆ ಇದೆ ಅಣ್ಣ. ಹನ್ನೆರಡು ಗುಂಟೆ ಎಂದರೆ ಯಾರಿಗೂ ಬಾಯಿ ನೀರೂರುವುದಿಲ್ಲ. ನಿನ್ನ ಜೌಗನ್ನು ಅವರೇನು ಸೊಳ್ಳೆ ಸಾಕಲು ಕೊಳ್ಳುತ್ತಾರೆಯೆ?” ಸೊಳ್ಳೆಯ ಮಾತಿಗೆ ನನ್ನಲ್ಲಿ ಉತ್ತರವಿತ್ತು: ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳಿರುವ ಜೌಗಿಗಿಂತ, ಗೋಡೆಗಳ ನಡುವೆ ಸಿಕ್ಕಿ ಕೊಳೆತ ನೀರಿನಲ್ಲಿ ಸೊಳ್ಳೆ ಹೆಚ್ಚು. ಬೆಲೆಯ ಮಾತಿಗೆ ಉತ್ತರವಿರಲಿಲ್ಲ. ತಗ್ಗಿಗೆ ಮೂರು ಅಡಿ ಮಣ್ಣು ಹೊಡೆಸುವ ಖರ್ಚನ್ನು ಕಳೆದು ನೋಡೆಂದೆ. ಕಳೆದನು. ಅಂತರ ಕಿರಿದಾಯಿತು, ಇಲ್ಲವಾಗಲಿಲ್ಲ. ಆ ನಷ್ಟವನ್ನು ನನ್ನ ಪಾಲಿನಲ್ಲಿ ಹಿಡಿ ಎಂದೆ. ಅವನು ಮುಖವನ್ನು ಬೇರೆ ಕಡೆ ತಿರುಗಿಸಿದನು.

ಇನ್ನೊಂದು ಪ್ರಶ್ನೆಯನ್ನು ಅವನೇ ಎತ್ತಿದನು, ಅದು ನನ್ನನ್ನು ಈಗಲೂ ಬಿಟ್ಟಿಲ್ಲ. ಆ ಒಂಬತ್ತು ಎಕರೆ ಯಾರದು? ಬಡಾವಣೆಯ ರಸ್ತೆ, ಉದ್ಯಾನಗಳನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಡುವುದು ಪದ್ಧತಿ. ಉದ್ಯಾನವೆಂದು ಬಿಟ್ಟುಕೊಟ್ಟರೆ ನಾಳೆ ಯಾರಾದರೂ ಅದನ್ನು ಚೆಂದಗೊಳಿಸಲು ಬಂದಾರು: ಸುತ್ತ ಕಲ್ಲಿನ ಕಟ್ಟೆ, ನಡುವೆ ಕಾರಂಜಿ, ಮೂಲೆಯಲ್ಲಿ ಸಮುದಾಯ ಭವನ. ಖಾಲಿ ಬಿದ್ದಿದೆ ಎಂಬ ಒಂದು ಮಾತಿಗೆ ಎಷ್ಟು ಕೆರೆಗಳು ಬಲಿಯಾಗಿವೆ! ನಲವತ್ತು ಮನೆಯವರ ಸಂಘಕ್ಕೆ ಕೊಟ್ಟರೆ ಸಂಘದಲ್ಲಿ ಜಗಳ. ಕ್ರಯಪತ್ರದಲ್ಲಿಯೇ, ಈ ನೆಲಕ್ಕೆ ಮಣ್ಣು ತುಂಬಬಾರದು, ಗೋಡೆ ಹಾಕಬಾರದು, ಕೊಳವೆಬಾವಿ ತೋಡಬಾರದು, ಮಳೆಗಾಲಕ್ಕೆ ಮೊದಲು ಎಲ್ಲರೂ ಕೂಡಿ ಕಾಲುವೆ ತೆಗೆಸಬೇಕು ಎಂದು ನಲವತ್ತು ಸಲ ಬರೆಸುವುದೆಂದು ವಕೀಲರೊಬ್ಬರು ಸೂಚಿಸಿದರು. ತಲಪರಿಗೆಯವರು ಬರೆಯದೆ ನಡೆಸಿದ್ದನ್ನು ನಾವು ಛಾಪಾಕಾಗದದ ಮೇಲೆ ಬರೆದು ನಡೆಸಬೇಕು. ನಡೆದೀತೆ? ನನಗೆ ಪೂರ್ಣ ನಂಬಿಕೆಯಿಲ್ಲ. ಬರೆಸಬೇಕೆಂಬುದರಲ್ಲಿ ಸಂದೇಹವೂ ಇಲ್ಲ.

ಪಿನಾಕಿನಿಯ ಕೆಳಸೀಮೆಯಲ್ಲಿ, ಕಡಪ ಜಿಲ್ಲೆಯ ಪೋರುಮಾಮಿಳ್ಳ ಎಂಬಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಕಟ್ಟಿಸಿದ ಒಂದು ಕೆರೆಯಿದೆ. ೧೩೬೯ರ ಅದರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಕೆರೆಯ ಆರು ದೋಷಗಳನ್ನೂ ಎಣಿಸುತ್ತದೆ. ಸಾವಿರ ಆಳು, ನೂರು ಗಾಡಿ, ಎರಡು ವರ್ಷ ದುಡಿದ ಲೆಕ್ಕವೂ ಅಲ್ಲಿದೆ. ಏರಿಯಿಂದ ನೀರು ಒಸರುವುದು ಮೊದಲ ದೋಷ. ನೀರು ಕಡಮೆಯಾಗಿ ನೆಲ ಹೆಚ್ಚಾಗುವುದೂ ದೋಷ, ನೆಲ ಕಡಮೆಯಾಗಿ ನೀರು ಹೆಚ್ಚಾಗುವುದೂ ದೋಷ. ಇದನ್ನು ತಮ್ಮನಿಗೆ ಹೇಳಿದಾಗ ಅವನು ನಕ್ಕು, “ನೋಡು, ನಿನ್ನ ಜೌಗು ಶಾಸನದ ಪ್ರಕಾರವೂ ದೋಷವೇ” ಎಂದನು. ಒಪ್ಪಿದೆ. ನಮ್ಮ ಕೆರೆಯ ಏರಿ ಆರುನೂರು ವರ್ಷದ ಹಿಂದಿನ ಇಂಜಿನಿಯರನ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಿರಲಿಲ್ಲ. ಒಸರಿದ ನೀರೇ ನಮ್ಮ ಗದ್ದೆಗೆ ಒಂದು ಕಾಲಕ್ಕೆ ಎರಡನೆಯ ಬೆಳೆಯನ್ನು ಕೊಟ್ಟಿತೆಂಬುದನ್ನು ಶಾಸನ ಬರೆದವನು ತಿಳಿಯನು.

ಕಡೆಗೆ ಒಂದು ಮಳೆಗಾಲ ಕಾಯೋಣವೆಂದು ಒಪ್ಪಂದವಾಯಿತು. ನನ್ನ ನಕ್ಷೆಯ ಅಂಚು ನಿಜವೋ, ಮುದುಕರಿಬ್ಬರ ನೆನಪೋ, ನೀರೇ ಹೇಳಲಿ. ಹಿಂಗಾರಿನಲ್ಲಿ ಒಂದು ರಾತ್ರಿ ಚೆನ್ನಾಗಿ ಸುರಿಯಿತು. ಬೆಳಗ್ಗೆ ಮೂವರೂ ಗೂಟಗಳ ಕಟ್ಟನ್ನು ಹೊತ್ತು ಹೊರಟೆವು. ತಗ್ಗಿನಲ್ಲಿ ನೀರು ಕನ್ನಡಿಯಂತೆ ನಿಂತಿತ್ತು. ಕಪ್ಪೆಗಳ ಗದ್ದಲದಲ್ಲಿ ಮಾತು ಕೇಳಿಸುತ್ತಿರಲಿಲ್ಲ. ನೀರಿನ ಅಂಚಿನ ಗುಂಟ ಹತ್ತು ಮಾರಿಗೊಂದು ಬಿದಿರು ಗೂಟ ನೆಟ್ಟುಕೊಂಡು ಬಂದೆವು. ಕೆಲವು ಕಡೆ ನನ್ನ ಗೆರೆಗಿಂತ ನೀರು ಒಳಗೇ ನಿಂತಿತ್ತು, ಕೆಲವು ಕಡೆ ದಾಟಿತ್ತು. ಮಧ್ಯಾಹ್ನ ಮೋಜಣಿದಾರನು ಅಳೆದು ಹೇಳಿದನು: ಒಂಬತ್ತು ಎಕರೆ ಹನ್ನೊಂದು ಗುಂಟೆ.

ತಮ್ಮನು ಕೆಸರಿನ ಕಾಲನ್ನು ಬದುವಿನ ಹುಲ್ಲಿಗೆ ಒರೆಸಿಕೊಳ್ಳುತ್ತ, ಆ ಹನ್ನೊಂದು ಗುಂಟೆಯಲ್ಲಿ ಏನಾದರೂ ಬಿಡಿಸಬಹುದೇ ಎಂದು ನೀರಗಂಟಿಯನ್ನ ಕೇಳಿದನು. ಅವನು, ರಾತ್ರಿ ಮತ್ತೆ ಮಳೆ ಬರುವ ಹಾಗಿದೆ, ಗೂಟಗಳನ್ನು ಇನ್ನೂ ಎರಡು ಮಾರು ಹಿಂದಕ್ಕೆ ನೆಡುವುದು ಮೇಲು ಎಂದನು.